ಶಟಲ್ ಬಾರಿಗೆ ಬಂದ ಬುತ್ತಿ

ಗೇ ಬಾರುಗಳ ವಿಷಯದಲ್ಲಿ ಮೃತ್ಯುಂಜಯನಿಗೆ ಗಟ್ಟಿಯಾದ ಅಭಿಪ್ರಾಯಗಳಿದ್ದವು. ನೆಲಕ್ಕೆ ಕಾರ್ಪೆಟ್ ಇಲ್ಲದ ಬಾರಿಗೆ ಅವನು ಕಾಲಿಡುತ್ತಿರಲಿಲ್ಲ. ಕಾರ್ಪೆಟ್ ಕಿತ್ತು ಹಲಗೆ ಹಾಕಿಸಿದರೆಂದರೆ, ವಯಸ್ಸಾದವರು ಇನ್ನು ಬರುವುದು ಬೇಡ ಎಂದು ಹೇಳಿದ ಹಾಗೆ ಎನ್ನುತ್ತಿದ್ದ. ಬರ್ಮಿಂಗ್‌ಹ್ಯಾಮಿನ ಬಾರುಗಳು ಅವನ ಪ್ರಕಾರ ಮದುವೆಯ ಛತ್ರವಿದ್ದಂತೆ. ಒಳಗೆ ಹೋದವನನ್ನು ಯಾರ ಕಡೆಯವರು ಎಂದು ವಿಚಾರಿಸದೆ ಬಿಡುವುದಿಲ್ಲ. ಲೀಡ್ಸಿನವು ರೈಲು ಸೇತುವೆಯ ಮಗ್ಗುಲಲ್ಲಿವೆ. ರೈಲು ಹಾಯುವಾಗ ಮಾತು ನಿಲ್ಲಿಸಬೇಕಾಗುತ್ತದೆ, ಅದೇನೂ ಕೆಟ್ಟದ್ದಲ್ಲ. ಮ್ಯಾಂಚೆಸ್ಟರಿನ ಕೆನಾಲ್ ಸ್ಟ್ರೀಟಿನ ದೊಡ್ಡ ಬಾರುಗಳಂತೂ ಅವನಿಗೆ ಸೇರುತ್ತಿರಲಿಲ್ಲ. ಮದುವೆ ಗೊತ್ತಾದ ಹುಡುಗಿಯರು ಗೆಳತಿಯರ ದಂಡು ಕಟ್ಟಿಕೊಂಡು, ಮೃಗಾಲಯ ನೋಡಲು ಬಂದವರ ಹಾಗೆ ಅಲ್ಲಿಗೆ ಬರುತ್ತಾರೆ ಎಂಬುದು ಅವನ ದೂರು.

ಇಷ್ಟೆಲ್ಲ ಹೇಳುವ ಮನುಷ್ಯ ಒಂದು ಹನಿ ಮದ್ಯ ಮುಟ್ಟಿದವನಲ್ಲ. ಗದಗಿನ ಕಡೆಯ ಲಿಂಗಾಯತ ಮನೆತನದವನು. ಮ್ಯಾಂಚೆಸ್ಟರಿನ ವಿದನ್‌ಶಾ ಬಡಾವಣೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಪ್ರತಿ ಭಾನುವಾರ ಮಧ್ಯಾಹ್ನ ಕೆನಾಲ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿದ್ದ ‘ಶಟಲ್’ ಎಂಬ ಸಣ್ಣ ಬಾರಿಗೆ ಹೋಗಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು ಲೈಮ್ ಸೋಡಾ ಕುಡಿಯುತ್ತಿದ್ದ. ಲೈಮ್ ಸೋಡಾವನ್ನು ನಗದೆ, ಒಳ್ಳೆಯ ಗ್ಲಾಸಿನಲ್ಲಿ ತಂದುಕೊಡುವವರೇ ಒಳ್ಳೆಯ ಬಾರಿನವರು ಎಂಬುದು ಅವನ ಇನ್ನೊಂದು ಅಭಿಪ್ರಾಯ. ಶಟಲ್‌ನ ಡೋನಾ ಹಾಗೆ ಕೊಡುತ್ತಿದ್ದಳು.

ಅದೇ ಬೆಂಚಿನಲ್ಲಿ ಅವನಿಗೆ ಬ್ರಯನ್ ಸಿಕ್ಕಿದ್ದ. ಬ್ರಯನ್ ವಿಮಾನ ನಿಲ್ದಾಣದ ಬಸ್ಸು ಓಡಿಸುತ್ತಿದ್ದ. ಮಾತು ಕಡಿಮೆ, ಊಟ ಜಾಸ್ತಿ. ಪರಿಚಯವಾಗಿ ವರ್ಷ ತುಂಬುವುದರೊಳಗೆ ಮೃತ್ಯುಂಜಯ ಅವನ ಮನೆಗೆ ಹೋಗಿ ನೆಲೆಸಿದ. ಆಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಮುದುಕರಾಗತೊಡಗಿದರು. ಕನ್ನಡದವರು ಕೇಳಿದಾಗಲೆಲ್ಲ ಮೃತ್ಯುಂಜಯ, “ಅವರು ನಮ್ಮ ಮನೆ ಮಾಲೀಕರು” ಎನ್ನುತ್ತಿದ್ದ. ಮನೆ ಬ್ರಯನ್‌ನ ಹೆಸರಿನಲ್ಲಿಯೇ ಇದ್ದುದರಿಂದ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಈ ಚಳಿಗಾಲದಲ್ಲಿ ಬ್ರಯನ್ ಅಡುಗೆಮನೆಯಲ್ಲಿ ಕುಸಿದುಬಿದ್ದು ತೀರಿಕೊಂಡ. ಅಂತ್ಯಕ್ರಿಯೆಗೆ ಬಸ್ಸಿನ ಚಾಲಕರು ಬಂದರು, ಡೋನಾ ಬಂದಳು. ಎಲ್ಲರೂ ಕೈಕುಲುಕಿ, ಬಹಳ ಬೇಸರವಾಯಿತು ಎಂದು ಹೇಳಿ ಹೋದರು. ಮೃತ್ಯುಂಜಯ ಕನ್ನಡ ಬಳಗದವರಿಗೆ ಫೋನಿನಲ್ಲಿ, ನಮ್ಮ ಮನೆ ಮಾಲೀಕರು ಹೋಗಿಬಿಟ್ಟರು ಎಂದು ತಿಳಿಸಿದ. “ಅಯ್ಯೋ ಪಾಪ. ಹಾಗಾದ್ರೆ ಮನೆ ಖಾಲಿ ಮಾಡ್ಬೇಕಾ ನೀವು?” ಎಂದು ಅವರು ಕೇಳಿದರು. ಅವರನ್ನು ದೂರುವಂತಿರಲಿಲ್ಲ. ಮಾಲೀಕ ಸತ್ತನೆಂದು ಬಾಡಿಗೆದಾರನನ್ನು ಮಾತಾಡಿಸಲು ಯಾರು ಬರುತ್ತಾರೆ?

ಅವನಿಗೆ ಬೇಕಾಗಿದ್ದುದು ಅದೊಂದೇ. ಅಪ್ಪ ತೀರಿಕೊಂಡಾಗ ಊರಿನಲ್ಲಿ ಕಂಡದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಒಲೆ ಹೊತ್ತದ ಮನೆಗೆ ಬೀಗರು, ಬಂಧುಗಳು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಹೇಗಿದ್ದೀರಿ ಎಂದು ಯಾರೂ ಕೇಳುತ್ತಿರಲಿಲ್ಲ. ಸುಮ್ಮನೆ ಕೂರುವರು, ಉಣ್ಣಿಸುವರು, ಎದ್ದು ಹೋಗುವರು. ಹೋಗುವಾಗ “ಬರ್ತೀವಿ” ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಹಾಗನ್ನಬಾರದು, ಮತ್ತೆ ಇಂಥದಕ್ಕೇ ಬರುತ್ತೇವೆ ಎಂದ ಹಾಗಾಗುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ತನ್ನವರು ಒಬ್ಬರಾದರೂ ಹಾಗೆ ಬಂದು, ಹಾಗೆ ಎದ್ದು ಹೋಗದಿದ್ದರೆ ಬ್ರಯನ್ ಸತ್ತದ್ದೂ ಲೆಕ್ಕಕ್ಕಿಲ್ಲ, ಬದುಕಿದ್ದೂ ಲೆಕ್ಕಕ್ಕಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು. ಆದರೆ ಕರೆಯುವುದು ಹೇಗೆ? ಅವನು ಎಂದಿನಂತೆ ಪಾಳಿಯ ಪಟ್ಟಿ ನೋಡಿಕೊಂಡು ಕೆಲಸಕ್ಕೆ ಹೋದ. ಅಳು ಬರಲಿಲ್ಲ. ಮೈಯೆಲ್ಲ ಮಗ್ಗುಲಡಿ ಸಿಕ್ಕಿ ಜೋಮು ಹಿಡಿದ ಕೈಯಂತಾಗಿತ್ತು. ತನ್ನದೇ, ಆದರೆ ತನ್ನದೆಂದು ತಿಳಿಯುತ್ತಿರಲಿಲ್ಲ.

ಮಾರ್ಚಿನ ಒಂದು ಭಾನುವಾರ ಅವನು ಶಟಲ್‌ನಲ್ಲಿ ಕುಳಿತಿದ್ದ. ಡೋನಾ ಲೈಮ್ ಸೋಡಾ ತಂದಿಟ್ಟು, ರೂಢಿಯಂತೆ ಎದುರಿಗೆ ಬ್ರಯನ್‌ನ ಅರ್ಧ ಗ್ಲಾಸು ಬಿಯರನ್ನೂ ಇಟ್ಟಳು. ಇಟ್ಟ ಮೇಲೆ ಅವಳ ಮುಖ ಕೆಂಪಾಯಿತು.

“ತೆಗೆದುಬಿಡಲೇ?” ಎಂದಳು.

“ಇರಲಿ ಬಿಡು.”

ಆಗ ಬಾಗಿಲು ತಳ್ಳಿಕೊಂಡು ನೀಲಮ್ಮ ಒಳಗೆ ಬಂದರು. ಡಾಕ್ಟರಾಗಿದ್ದ ಗಂಡ ಹೋದಮೇಲೆ ಆಕೆ ಊರಂಚಿನ ಸೇಲ್ ಎಂಬಲ್ಲಿ ಒಬ್ಬರೇ ಇದ್ದರು, ಮೂಲ ಧಾರವಾಡದವರು. ಇಳಕಲ್ಲ ಸೀರೆಯ ಮೇಲೆ ದಪ್ಪ ಕೋಟು, ಕೈಯಲ್ಲೊಂದು ಚೀಲ. ಬಳಗದಲ್ಲಿ ಆಕೆಯ ಬೀಳ್ಕೊಡುಗೆ ಹೆಸರಾಗಿತ್ತು. ಸೋಫಾದಲ್ಲಿ ಒಂದು ಸಲ “ಬರ್ತೀನ್ರಿ” ಎನ್ನುವರು, ಹೊಸ್ತಿಲಲ್ಲಿ ಒಂದು ಸಲ, ಕಾರಿನ ಕಿಟಕಿ ಇಳಿಸಿ ಮತ್ತೊಂದು ಸಲ. ನೀಲಮ್ಮನವರು ಹೊರಟರೆಂದರೆ ಇನ್ನೊಂದು ಸುತ್ತು ಚಹಾ ಇಡಬಹುದು ಎಂದು ಎಲ್ಲರೂ ನಗುತ್ತಿದ್ದರು.

ಮೃತ್ಯುಂಜಯ ಎದ್ದು ನಿಂತ. “ಅಕ್ಕಾರ, ನೀವು ಇಲ್ಲೆ?”

“ಯಾಕ, ಹೆಂಗಸರನ್ನ ಒಳಗ ಬಿಡೂದಿಲ್ಲೇನು?”

“ಬಿಡತಾರ್ರಿ.”

“ಮತ್ತೇನು. ಮನಿಗೆ ಹೋಗಿದ್ದೆ. ಬಾಜೂ ಮನಿಯಾಕಿ ಹೇಳಿದ್ಲು, ಐತವಾರ ಇಲ್ಲೇ ಇರ್ತಾನ ಅಂತ. ಬ್ರಯನ್ ಎಲ್ಲಿ ಕೂಡ್ತಿದ್ದ?”

ಅವನು ಎದುರಿನ ಜಾಗ ತೋರಿಸಿದ. ನೀಲಮ್ಮ ಅಲ್ಲಿ ಕೂರಲಿಲ್ಲ. ಅವನನ್ನು ಸರಿಸಿ ಅವನ ಪಕ್ಕದಲ್ಲೇ ಕುಳಿತರು. ಡೋನಾ ಚಹಾ ತಂದಳು.

“ನಾ ಏನೇನೋ ಅನ್ಕೊಂಡಿದ್ದೆ,” ನೀಲಮ್ಮ ಸುತ್ತ ನೋಡಿದರು. “ಹುಬ್ಬಳ್ಳಿ ಸ್ಟೇಷನ್ನಿನ ವೇಟಿಂಗ್ ರೂಮ್ ಇದ್ದಂಗ ಐತಿ.”

“ಕಾರ್ಪೆಟ್ ಐತಲ್ರಿ. ಕಾರ್ಪೆಟ್ ಇದ್ದ ಬಾರು ಛಲೋ ಇರ್ತಾವ.”

“ಹೌದೇನು? ಉಳದಾವು ಹೆಂಗ?”

ಅವನು ಹೇಳಿದ. ಬರ್ಮಿಂಗ್‌ಹ್ಯಾಮಿನ ಛತ್ರ, ಲೀಡ್ಸಿನ ರೈಲು, ಕೆನಾಲ್ ಸ್ಟ್ರೀಟಿನ ಮದುವೆ ಹುಡುಗಿಯರು. ತನ್ನ ದನಿ ತನಗೇ ನಿಲ್ದಾಣದ ಪ್ರಕಟಣೆಯಂತೆ ಕೇಳಿಸಿತು. ಹಿಂದೆ ಇದನ್ನೆಲ್ಲ ಹೇಳುವಾಗ ಬ್ರಯನ್ ಬಿಯರಿನ ಮೇಲಿಂದ ನೋಡಿ, ಮತ್ತೆ ಶುರುವಾಯಿತು ಎಂದು ಗೊಣಗುತ್ತಿದ್ದ. ಈಗ ಗೊಣಗುವವರಿಲ್ಲದೆ ಮಾತು ನಿಲ್ಲಿಸುವುದು ಎಲ್ಲಿ ಎಂದು ತಿಳಿಯಲಿಲ್ಲ. ಕೊನೆಗೆ ನೀಲಮ್ಮನೇ ನಿಲ್ಲಿಸಿದರು.

“ಮನಿ ಮಾಲೀಕ ಅಂತ ಹೇಳಿದ್ದಿ ನೀ.”

“ಹೌದ್ರಿ.”

“ಪ್ರತಿ ವರ್ಷಾ ಬಸವ ಜಯಂತಿಗೆ ಅವ ನಿನ್ನ ಕರಕೊಂಡು ಬಂದು, ಹೊರಗ ಕಾರಿನ್ಯಾಗ ಪೇಪರ್ ಓದ್ಕೋತ ಕೂಡ್ತಿದ್ದ. ನಾ ಹುಗ್ಗಿ ಒಯ್ದು ಕೊಟ್ರ ಎರಡನೇ ಸಲ ಕೇಳಿ ಹಾಕಿಸ್ಕೋತಿದ್ದ. ಬಾಡಿಗಿಯವನ ಹಾದಿ ಕಾದು ಕುಂತ ಮಾಲೀಕನ್ನ ನಾ ಎಲ್ಲೂ ನೋಡಿಲ್ಲಪಾ.”

ಮೃತ್ಯುಂಜಯ ಗ್ಲಾಸನ್ನು ಸುಮ್ಮನೆ ತಿರುಗಿಸಿದ. “ಯಾರಿಗೂ ಹೇಳ್ಲಿಲ್ಲೇನ್ರಿ ನೀವು?”

“ನೀ ಹೇಳದ್ದು ನಾ ಯಾಕ ಹೇಳ್ಲಿ?”

ಚೀಲದಿಂದ ಅವರು ಬಿಳಿಯ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಡಬ್ಬಿಯಲ್ಲಿ ಮೊಸರನ್ನ. ಹೊರಗಿನ ತಿಂಡಿ ತರಬಾರದೆಂಬ ಫಲಕ ಅವರ ತಲೆಯ ಮೇಲೇ ಇತ್ತು. ಡೋನಾ ಅದನ್ನೊಮ್ಮೆ, ಬುತ್ತಿಯನ್ನೊಮ್ಮೆ ನೋಡಿ, ಒಳಗಿನಿಂದ ಒಂದು ತಟ್ಟೆ ತಂದಿಟ್ಟಳು.

“ಉಣ್ಣು,” ಎಂದರು ನೀಲಮ್ಮ.

“ಹಸಿವಿಲ್ರೀ ಅಕ್ಕಾರ.”

“ಹಸಿವ್ಯಾತೇನು ಅಂತ ನಾ ಕೇಳಿಲ್ಲ.”

ಅವನು ಉಂಡ. ರುಚಿ ತಿಳಿಯಲಿಲ್ಲ, ಅಗಿದು ನುಂಗಿದ. ನೀಲಮ್ಮ ಮತ್ತೆ ಮಾತಾಡಲಿಲ್ಲ. ಬ್ರಯನ್‌ನ ಗ್ಲಾಸಿನ ನೊರೆ ಇಳಿದುಹೋಗುವ ತನಕ ಇಬ್ಬರೂ ಹಾಗೆಯೇ ಕುಳಿತಿದ್ದರು.

ಆಮೇಲೆ ನೀಲಮ್ಮ ಕೋಟಿನ ಗುಂಡಿ ಹಾಕಿಕೊಂಡು ಎದ್ದರು. ಟ್ರಾಮಿನ ತನಕ ಬರುತ್ತೇನೆಂದು ಮೃತ್ಯುಂಜಯನೂ ಏಳಹೋದ. ಆಕೆ ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. ಬಾಗಿಲ ಹತ್ತಿರ ನಿಲ್ಲಲಿಲ್ಲ, ತಿರುಗಿ ನೋಡಲಿಲ್ಲ, ಬಾಯಿಂದ ಒಂದು ಮಾತೂ ಬರಲಿಲ್ಲ. ಕಿಟಕಿಯಾಚೆ ಇಳಕಲ್ಲ ಸೀರೆಯ ಕೆಂಪು ಸೆರಗು ಓಣಿಯ ತಿರುವಿನ ತನಕ ಕಾಣಿಸಿತು.

ಡೋನಾ ಚಹಾದ ಕಪ್ಪು ಎತ್ತಲು ಬಂದಳು. “ನಿನ್ನ ಮೇಲೆ ಸಿಟ್ಟಾದರೇನು ಅವರು? ಹೋಗುತ್ತೇನೆ ಅಂತಲೂ ಹೇಳಲಿಲ್ಲ.”

“ಸಿಟ್ಟಲ್ಲ,” ಎಂದ ಮೃತ್ಯುಂಜಯ. “ಸಾವಾದ ಮನೆಗೆ ಬಂದರೆ ನಮ್ಮವರು ಹೀಗೆಯೇ ಎದ್ದು ಹೋಗುತ್ತಾರೆ.”

ಅವನು ರೊಟ್ಟಿಯ ತುಂಡು ಮುರಿದು, ಚಟ್ನಿ ಹಚ್ಚಿ ಅವಳ ಕೈಗೆ ಕೊಟ್ಟ. ಅವಳು ತಿಂದು, ಖಾರ ಎಂದಳು.

“ಬ್ರಯನ್ ಕೂಡ ಹಾಗೇ ಹೇಳುತ್ತಿದ್ದ,” ಎಂದು ಅವನು ಇನ್ನೊಂದು ತುಂಡು ಮುರಿದ.