ಹದಿನಾರು ಡಿಗ್ರಿ, ಹತ್ತು ಮಿನಿಟ್

ಕೋವಿಡ್ ಮುಗಿದು ಕಾಲೇಜುಗಳು ಮೊದಲಿನಂತೆ ನಡೆಯತೊಡಗಿದ ವರ್ಷ. ನಾನಾಗ ಹೊಸನಗರದ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥ. ಮುಖ್ಯಸ್ಥ ಎಂಬುದು ದೊಡ್ಡ ಮಾತು; ವಿಭಾಗವೆಂದರೆ ನಾನು ಮತ್ತು ಲ್ಯಾಬ್ ಅಟೆಂಡರ್ ಮಂಜಪ್ಪ, ಅಷ್ಟೇ. ಅಂತಿಮ ಬಿ.ಎಸ್ಸಿ.ಯ ಪ್ರಾಯೋಗಿಕ ಪರೀಕ್ಷೆಗೆ ಸಾಗರದ ಕಡೆಯಿಂದ ಎಕ್ಸ್‌ಟರ್ನಲ್, ಅಂದರೆ ಹೊರಗಿನ ಪರೀಕ್ಷಕರು, ಒಬ್ಬರು ಬಂದಿದ್ದರು.

ಪ್ರಯೋಗ ಸೋಡಿಯಂ ದೀಪದ್ದು. ಸೋಡಿಯಂ ಪರಮಾಣುವಿನೊಳಗೆ ಇಲೆಕ್ಟ್ರಾನ್ ಎಲ್ಲಿ ಬೇಕಾದರಲ್ಲಿ ನಿಲ್ಲುವಂತಿಲ್ಲ, ಅದಕ್ಕೆ ಗೊತ್ತಾದ ಮೆಟ್ಟಿಲುಗಳಿವೆ. ಮೇಲಿನ ಮೆಟ್ಟಿಲಿನಿಂದ ಕೆಳಗಿಳಿದಾಗ ಉಳಿದ ಶಕ್ತಿ ಬೆಳಕಾಗಿ ಹೊರಬೀಳುತ್ತದೆ. ಮೆಟ್ಟಿಲು ನಿಗದಿ, ಹಾಗಾಗಿ ಬಣ್ಣವೂ ನಿಗದಿ: ಹಳದಿ, ತರಂಗಾಂತರ 589 ನ್ಯಾನೋಮೀಟರ್. ಅದನ್ನು ಅಳೆಯಲು ಗ್ರೇಟಿಂಗ್, ಅಂದರೆ ಇಂಚಿಗೆ ಸಾವಿರಾರು ಗೆರೆಗಳಿರುವ ಗಾಜು, ಬೇಕು. ಬೆಳಕು ಅದರಲ್ಲಿ ಎಷ್ಟು ಕೋನ ತಿರುಗಿತೆಂದು ಸ್ಪೆಕ್ಟ್ರೋಮೀಟರಿನಲ್ಲಿ ಓದಿ ಲೆಕ್ಕ ಹಾಕಬೇಕು. ನಮ್ಮ ಗ್ರೇಟಿಂಗ್ ಪೆಟ್ಟಿಗೆಯ ಮೇಲೆ 15,000 ಗೆರೆ ಎಂದಿತ್ತು. ಆ ಲೆಕ್ಕಕ್ಕೆ ಕೋನ 20 ಡಿಗ್ರಿ 22 ಮಿನಿಟ್ ಬರಬೇಕು; ಮಿನಿಟ್ ಎಂದರೆ ಇಲ್ಲಿ ಡಿಗ್ರಿಯ ಅರವತ್ತನೇ ಒಂದು ಪಾಲು.

ಆ ಬೆಳಗ್ಗೆ ಐವರಿಗೆ ಈ ಪ್ರಯೋಗ, ಇದ್ದ ಒಂದೇ ಗ್ರೇಟಿಂಗಿನಲ್ಲಿ ಸರದಿಯ ಮೇಲೆ. ನಾಲ್ವರಿಗೆ 589 ಬಂತು. ಹುಂಚದ ಕಡೆಯ ಪದ್ಮಜಾಗೆ ಬಂದದ್ದು 471. ಹಳದಿ ಬೆಳಕಿಗೆ ನೀಲಿಯ ಅಳತೆ! ಎಕ್ಸ್‌ಟರ್ನಲ್ ನಕ್ಕು ಫೇಲ್ ಎಂದರು. ಫೇಲಾದರೆ ಅವಳ ಪದವಿಗೆ ಒಂದು ವರ್ಷ ತಡ, ಎಂ.ಎಸ್ಸಿ. ಅರ್ಜಿಯಂತೂ ಹಾಕುವ ಹಾಗೇ ಇಲ್ಲ. ನಾನು ಅವಳನ್ನು ಪಕ್ಕಕ್ಕೆ ಕರೆದು, ಇಪ್ಪತ್ತು ಡಿಗ್ರಿ ಬರೆದುಬಿಡು ಎಂದೆ. ಹೌದು, ನಾನೇ ಹೇಳಿದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

“ಬೇಕಾದ್ರೆ ಫೇಲ್ ಮಾಡಿ ಸರ್. ಮೂರ್ ಸಲ ನೋಡೀನಿ, ಹದಿನಾರು ಡಿಗ್ರಿ ಹತ್ತು ಮಿನಿಟೇ ಇದೆ. ಕಾಣದ್ದನ್ನ ನಾನ್ ಬರಿಯಲ್ಲ.”

ಪದ್ಮಜಾ ಕಣ್ಣು ತಗ್ಗಿಸಲಿಲ್ಲ. ನನಗೆ ಸಿಟ್ಟು ಬಂತು. ಮೊದಲು ಅವಳ ಮೇಲೆ, ಆಮೇಲೆ ನನ್ನ ಮೇಲೆ. ಹೋಗಿ ಸ್ಪೆಕ್ಟ್ರೋಮೀಟರಿನ ದುರ್ಬೀನಿಗೆ ಕಣ್ಣಿಟ್ಟೆ. ಹದಿನಾರು ಡಿಗ್ರಿ, ಹತ್ತು ಮಿನಿಟ್.

ಪಾದರಸದ ದೀಪ ಹಚ್ಚಿಸಿದೆ. ಅದರ ಹಸಿರು ಗೆರೆ 546 ಬರಬೇಕು, ಬಂದದ್ದು 437. ಎರಡೂ ಸಲ ಸರಿಯಾಗಿ ಐದರಲ್ಲಿ ನಾಲ್ಕು ಪಾಲು. ಪರಮಾಣುಗಳು ಒಟ್ಟಿಗೆ ಕೂತು ಮೋಸ ಮಾಡುವುದಿಲ್ಲ. ತಿರುಗಿಸಿ ಲೆಕ್ಕ ಹಾಕಿದರೆ ಗ್ರೇಟಿಂಗಿನ ಗೆರೆ ಹದಿನೈದು ಸಾವಿರವಲ್ಲ, ಹನ್ನೆರಡು ಸಾವಿರ. ಇದು ಹೇಗೆ ಎಂದು ಮಂಜಪ್ಪನನ್ನು ಕೇಳಿದೆ.

“ಹಳೇ ಗ್ರೇಟಿಂಗಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತಲ್ಲ ಸರ್. ಹೊಸದರ ರಟ್ಟಿನ ಡಬ್ಬಿನೂ ಹಾಳಾಗ್ತದೆ ಅಂತ ನೀವೇ ಅದನ್ನ ಹಳೇದರ ಈ ಮರದ ಪೆಟ್ಟಿಗೆಗೆ ಹಾಕ್ಸಿದ್ರಿ.”

ಮಾಡಿದ್ದುಣ್ಣೋ ಮಹಾರಾಯ! ಆಗುಂಬೆಯ ಮಗ್ಗುಲಲ್ಲಿ ಬೂಷ್ಟಿಗೆ ಹೆದರಿ ಪೆಟ್ಟಿಗೆ ಬದಲಿಸದ ಲ್ಯಾಬ್ ಯಾವುದಿದೆ? ಆದರೆ ಪೆಟ್ಟಿಗೆಯ ಮೇಲಿನ ಗೆರೆಯ ಲೆಕ್ಕದ ಚೀಟಿಯನ್ನೂ ಬದಲಿಸಬೇಕಿತ್ತು. ಅದು ಆಗಿ ಆರು ವರ್ಷ. ಆರು ಬ್ಯಾಚು ಈ ಗಾಜಿನಿಂದ ಎಂದೂ ಬರಲಾರದ 589 ಅನ್ನು ತೆಗೆದಿದ್ದವು, ಆರು ವರ್ಷವೂ ನಾನು ‘ವೆರಿ ಗುಡ್’ ಎಂದು ಸಹಿ ಹಾಕಿದ್ದೆ. ಸೀನಿಯರ್‌ಗಳ ರೆಕಾರ್ಡ್ ಪುಸ್ತಕದಿಂದ ಜೂನಿಯರ್‌ಗಳ ಪುಸ್ತಕಕ್ಕೆ ಆ ಕೋನ ಇಳಿದು ಬರುತ್ತಿತ್ತು. ಎತ್ತು ಈಯಿತು ಎಂದರೆ ಕರು ಕಟ್ಟುವವನು ನಾನು.

ಎಕ್ಸ್‌ಟರ್ನಲ್ ಬಾಗಿಲು ಮುಂದೆ ಮಾಡಿ ತಗ್ಗಿದ ದನಿಯಲ್ಲಿ ಬುದ್ಧಿ ಹೇಳಿದರು. ನಿವೃತ್ತಿಗೆ ಎರಡು ವರ್ಷವಿದೆ, ಇದನ್ನೆಲ್ಲ ಕೆದಕಿದರೆ ನಿಮ್ಮ ಹೆಸರೇ ಕೆಡುತ್ತದೆ. ಹುಡುಗಿಗೆ ಪಾಸಾಗುವಷ್ಟು ಅಂಕ ಕೊಟ್ಟು ಮುಗಿಸೋಣ ಎಂದರು. ಕೆಟ್ಟ ಮನುಷ್ಯರೇನಲ್ಲ, ಊಟದ ಹೊತ್ತು ಮೀರುತ್ತಿತ್ತು. ನಾನು ಒಪ್ಪಲಿಲ್ಲ.

“ಭಿಕ್ಷೆ ಬೇಡ ಸರ್. ಇಡೀ ಲ್ಯಾಬಲ್ಲಿ ಪ್ರಯೋಗ ಮಾಡಿದವಳು ಅವಳೊಬ್ಬಳೇ, ಪೂರ್ತಿ ಅಂಕ ಹಾಕಿ. ಇಲ್ಲಾಂದ್ರೆ ಈ ಪಟ್ಟಿಗೆ ನನ್ನ ಸಹಿ ಬೀಳಲ್ಲ. ನನ್ನ ಹೆಸರು ಕೆಡ್ಲಿ, ಕೆಡಬೇಕಾದ್ದೇ.”

ಇಬ್ಬರ ಸಹಿಯಿಲ್ಲದೆ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗುವಂತಿಲ್ಲ. ಅವರು ಕುರ್ಚಿಯಲ್ಲಿ ಕೂತರು, ನಾನು ನಿಂತೇ ಇದ್ದೆ. ಕೊನೆಗೆ ಅವರೂ ಎದ್ದು ಹೋಗಿ ದುರ್ಬೀನಿಗೆ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. ಆಮೇಲೆ ಅವಳ ಅಂಕ ತಿದ್ದಿದರು. ಉಳಿದ ನಾಲ್ವರನ್ನು ಕರೆಸಿ, ನನ್ನ ತಪ್ಪನ್ನು ಅವರೆದುರೇ ಹೇಳಿ, ಮಧ್ಯಾಹ್ನ ಪ್ರಯೋಗವನ್ನು ಮೊದಲಿನಿಂದ ಮಾಡಿಸಿದೆವು. ನಾಲ್ವರಿಗೂ ನಿಜವಾಗಿ ನೋಡಲು ಬರುತ್ತಿತ್ತು. ಯಾರೂ ಅವರಿಂದ ಅದನ್ನು ಕೇಳಿರಲಿಲ್ಲ. ಆರು ವರ್ಷದ ಸಹಿಗಳ ವಿಷಯವನ್ನು ಪ್ರಾಂಶುಪಾಲರಿಗೆ ಬರೆದುಕೊಟ್ಟೆ. ಅವರಿಗೆ ಇಷ್ಟವಾಗಲಿಲ್ಲ, ನಾನೂ ಹಿಂತೆಗೆದುಕೊಳ್ಳಲಿಲ್ಲ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಪ್ಪು ಉತ್ತರ ತಂದವರನ್ನೇ ನಿಲ್ಲಿಸಿ ಬೈದ ಮೇಷ್ಟ್ರು ನಾನು. ಉಳಿದ ಎರಡು ವರ್ಷ ಸರಿ ಉತ್ತರ ತಂದವರನ್ನು ನಿಲ್ಲಿಸಿ, ಒಂದೇ ಮಾತು ಕೇಳಿದೆ: “ನೋಡಿದ್ಯಾ?”