ಬಾಡಿಯೋ ಲೆನ್ಸೋ: ಕಂಡಕ್ಟರ್ ಪುತಳಾಬಾಯಿಯ ಹನ್ನೆರಡು ದಿನ

ಪುತಳಾಬಾಯಿ ಇವತ್ತಿಗೂ ಕ್ಯಾಮೆರಾ ಕೊಂಡಿಲ್ಲ. ಒಳ್ಳೆಯ ಬಾಡಿ ತಗೊಂಡು ಲೆನ್ಸಿನಲ್ಲಿ ಉಳಿಸಬೇಕೋ, ಒಳ್ಳೆಯ ಲೆನ್ಸ್ ತಗೊಂಡು ಬಾಡಿಯಲ್ಲಿ ಉಳಿಸಬೇಕೋ ಎಂದು ಕಳೆದ ಜನವರಿಯಲ್ಲಿ ಹನ್ನೆರಡು ದಿನ ನನ್ನ ತಲೆ ತಿಂದಳು. ನಾನು ಡ್ರೈವರ್ ಕಲ್ಯಾಣಪ್ಪ. ಕಲಬುರಗಿಯಿಂದ ಕಮಲಾಪುರಕ್ಕೆ ಬೆಳಗಿನ ಆರೂವರೆಯ ಟ್ರಿಪ್ ನಮ್ಮದು. ನಾಲ್ಕು ವರ್ಷ ಆಕೆ ಕಂಡಕ್ಟರ್, ನಾನು ಸ್ಟೇರಿಂಗ್ ಹಿಡಿದವನು. ಕ್ಯಾಮೆರಾದ ಬಗ್ಗೆ ನನ್ನ ತಿಳಿವಳಿಕೆ ಆಧಾರ್ ಕಾರ್ಡಿನ ಫೋಟೋಕ್ಕೆ ಮುಗಿಯುತ್ತದೆ. ಆದರೂ ನನ್ನನ್ನೇ ಕೇಳುತ್ತಿದ್ದಳು. ಬಸ್ಸಿನಲ್ಲಿ ದಿನವೂ ಸಿಗುವವನು ನಾನೊಬ್ಬನೇ.

ಆಕೆ ಶರಣಸಿರಸಗಿಯವಳು, ಐವತ್ನಾಲ್ಕರ ವಯಸ್ಸು. ಇಪ್ಪತ್ತೆರಡು ವರ್ಷ ಟಿಕೆಟ್ ಹರಿದವಳು. ದನಿ ಎಷ್ಟು ದೊಡ್ಡದೆಂದರೆ ಸೀಟಿ ಊದುವ ಅಗತ್ಯವೇ ಇಲ್ಲ. ಆಧಾರ್ ಕಾರ್ಡ್ ತೋರಿಸದ ಹೆಂಗಸಿಗೆ ಉಚಿತ ಪ್ರಯಾಣದ ಶೂನ್ಯ ಟಿಕೆಟ್ ಕೊಡುವವಳಲ್ಲ. ಸ್ವಂತ ನಾದಿನಿಯನ್ನೇ ಮಹಾಗಾಂವ ಕ್ರಾಸಿನಲ್ಲಿ ಇಳಿಸಿದ್ದಾಳೆ. ಅಂಥವಳ ಮೊಣಕಾಲು ಕೈಕೊಟ್ಟವು. ಇನ್ನು ಬಸ್ಸಿನಲ್ಲಿ ನಿಲ್ಲುವ ಕೆಲಸ ಬೇಡವೆಂದು ಡಾಕ್ಟರು ಬರೆದುಕೊಟ್ಟರು. ಫೆಬ್ರವರಿ ಒಂದರಿಂದ ಆಕೆ ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಕೂರಬೇಕೆಂದು ಆದೇಶವಾಯಿತು. ಆದೇಶ ಕೈಗೆ ಸಿಕ್ಕಾಗ ರೂಟಿನಲ್ಲಿ ಆಕೆಗೆ ಉಳಿದದ್ದು ಹನ್ನೆರಡು ದಿನ.

ಆ ಹನ್ನೆರಡು ದಿನದಲ್ಲಿ ಆಕೆಗೆ ಒಂದೇ ಒಂದು ಫೋಟೋ ಬೇಕಿತ್ತು, ತೋಳದ್ದು.

ಕಮಲಾಪುರ ಇನ್ನೂ ಐದಾರು ಕಿಲೋಮೀಟರ್ ಇರುವಾಗ ಒಂದು ಬೇವಿನ ಗಿಡದ ಸ್ಟಾಪ್ ಬರುತ್ತದೆ. ಹೊಲದ ಮನೆಯ ಮುದುಕನೊಬ್ಬ ದಿನಾ ಅಲ್ಲಿ ಹತ್ತುತ್ತಾನೆ. ಅವನು ಹತ್ತಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷದಲ್ಲಿ ಎಡಗಡೆಯ ಕಲ್ಲುಗುಡ್ಡದ ಕೆಳಗೆ, ತೊಗರಿ ಕೊಯ್ದ ಹೊಲದ ಬದುವಿನ ಮೇಲೆ, ವಾರಕ್ಕೆ ಎರಡು ಮೂರು ಸಲ ತೋಳವೊಂದು ಬಂದು ನಿಲ್ಲುತ್ತದೆ ಎಂಬುದು ಪುತಳಾಬಾಯಿಯ ಮಾತು. ನಾಲ್ಕು ವರ್ಷದಿಂದ ಹೇಳುತ್ತಿದ್ದಳು. ನಾನು ಆಗ ಕನ್ನಡಿಯಲ್ಲಿ ಬಾಗಿಲು ನೋಡುತ್ತಿರುತ್ತೇನೆ. ಮುದುಕನ ಎರಡನೇ ಕಾಲು ಮೇಲೆ ಬಂತೋ ಇಲ್ಲವೋ ಅಷ್ಟೇ ನನ್ನ ಚಿಂತೆ. ಒಮ್ಮೆ ಅದೇ ಕನ್ನಡಿಯ ಮೂಲೆಯಲ್ಲಿ ಬೂದು ಬಣ್ಣದ್ದೇನೋ ಸರಿದಂತಾಗಿತ್ತು. ಅಂದೇ ತೀರ್ಮಾನ ಕೊಟ್ಟುಬಿಟ್ಟೆ.

"ನಾಯಿ ಅದ ಅದು, ಬಾಯಿ."

"ನೀವ್ ನೋಡೀರೇನು?"

"ನೋಡೂದೇನದ? ಹೊಲದಾಗ ನಾಯಿ ಇರ್ಲಾರ್ದ ಮತ್ತೇನ್ ಇರ್ತದ?"

ಈ ಮಾತು ಡಿಪೋದಲ್ಲಿ ಹಬ್ಬಿತು, ಹಬ್ಬಿಸಿದವನು ನಾನೇ. ಆಕೆ ದಿನದ ಟಿಕೆಟ್ ಲೆಕ್ಕದ ವೇ ಬಿಲ್ ಕೊಡಲು ಹೋದರೆ ಯಾರಾದರೊಬ್ಬರು ಹಿಂದಿನಿಂದ ಊಳಿಡುತ್ತಿದ್ದರು. ಆಕೆ ಮೊದಮೊದಲು ಬೈದಳು, ಆಮೇಲೆ ಸುಮ್ಮನಾದಳು. ಹೀಗಾಗಿ ರೂಟು ಬಿಡುವ ಮೊದಲು ಫೋಟೋ ಆಗಬೇಕಿತ್ತು. ಕೌಂಟರಿನ ಜಾಲರಿಯ ಹಿಂದೆ ಕೂತರೆ ಕಾಣುವುದು ಬಸ್ಸಿನ ನಂಬರ್ ಪ್ಲೇಟು ಮಾತ್ರ.

ಆಕೆಯ ಮಗಳು ಸೃಷ್ಟಿ ಜೇವರ್ಗಿ ಕಾಲೋನಿಯ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. "ಯಾವ್ದು ಬೇಕೋ ತಗೋ, ನಾ ಕೊಡಸ್ತೀನಿ" ಅಂದಳು. ತೊಂದರೆ ಶುರುವಾದದ್ದೇ ಅಲ್ಲಿ. ಯಾವುದು ಬೇಕು?

ಗಾಜಿಪುರದಲ್ಲಿ ಮದುವೆ ಫೋಟೋ ತೆಗೆಯುವ ಉಜೈರನ ಸ್ಟುಡಿಯೋ ಇದೆ. ಅವನು ಕ್ಯಾಮೆರಾ ಮಾರುತ್ತಾನೆ, ದಿನದ ಲೆಕ್ಕದಲ್ಲಿ ಕೊಡುವುದೂ ಉಂಟು. ಡ್ಯೂಟಿ ಮುಗಿಸಿ ಆಕೆ ಅಲ್ಲಿಗೆ ಹೊರಟಳು, ನನ್ನನ್ನೂ ಎಳೆದುಕೊಂಡು. ಬಾಡಿ ಅಂದರೆ ಕೈಯಲ್ಲಿ ಹಿಡಿಯುವ ಡಬ್ಬಿ, ಲೆನ್ಸ್ ಅಂದರೆ ಅದರ ಮೂತಿಗೆ ತಿರುವಿ ಕೂರಿಸುವ ಗಾಜಿನ ಕೊಳವೆ, ಎರಡನ್ನೂ ಬೇರೆ ಬೇರೆ ಮಾರುತ್ತಾರೆ ಎನ್ನುವುದು ನಮಗಿಬ್ಬರಿಗೂ ಅಲ್ಲಿಯೇ ಗೊತ್ತಾಗಿದ್ದು.

"ಆಂಟಿ, ತಿರುಗಾಡ್ಲಿಕ್ಕಿ ಬೇಕೋ, ಪ್ರಾಣಿ ತೆಗೀಲಿಕ್ಕಿ ಬೇಕೋ?" ಉಜೈರ್ ಕೇಳಿದ.

"ಎರಡಕ್ಕೂ. ನಾ ಇರೂದು ಬಸ್ಸಿನಾಗ, ಪ್ರಾಣಿ ಇರೂದು ಹೊರಗ."

ಉಜೈರ್ ತಲೆ ಕೆರೆದುಕೊಂಡ. ತಿರುಗಾಡುವವರಿಗೆ ಹಗುರ ಇರಬೇಕು, ಪ್ರಾಣಿ ತೆಗೆಯುವವರಿಗೆ ಉದ್ದ ಇರಬೇಕು, ಉದ್ದ ಇದ್ದದ್ದು ಹಗುರ ಇರುವುದಿಲ್ಲ ಎಂದ. "ಬಾಡಿ ಐದು ವರ್ಷಕ್ಕ ಹಳೇದಾಗ್ತದ, ಲೆನ್ಸ್ ಇಪ್ಪತ್ತು ವರ್ಷ ಇರ್ತದ. ಪೈಸಾ ಲೆನ್ಸಿಗಿ ಹಾಕ್ರಿ, ಆಂಟಿ." ಆಕೆ ಹಳೇ ಟಿಕೆಟ್ ರೋಲಿನ ಹಿಂದೆ ಬರೆದುಕೊಂಡಳು. ಮರುದಿನ ಹೋದರೆ ಅದೇ ಉಜೈರ್ ಬೇರೆ ಹೇಳಿದ: ಮುಂಜಾನೆ ಬೆಳಕು ಕಮ್ಮಿ, ಕಮ್ಮಿ ಬೆಳಕಿಗೆ ಬಾಡಿಯೇ ಚಲೋ ಇರಬೇಕು.

"ನಿನ್ನಿ ಲೆನ್ಸ್ ಅಂದಿದ್ದಿ."

"ನಿನ್ನಿ ನೀವ್ ಟೈಮ್ ಹೇಳಿದ್ದಿಲ್ಲ, ಆಂಟಿ."

ಆಮೇಲೆ ಮೊಬೈಲಿನ ವಿಡಿಯೋಗಳು. ಬಾಡಿಯೊಳಗೆ ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದಿರಬೇಕು ಎಂದು ಒಬ್ಬ ಎನ್ನುತ್ತಾನೆ, ಇನ್ನೊಬ್ಬ ಸಣ್ಣ ಸೆನ್ಸರಿನಲ್ಲೇ ಪ್ರಾಣಿ ಹತ್ತಿರ ಬರುತ್ತದೆ ಎನ್ನುತ್ತಾನೆ. ಮೂರನೆಯವನು ಬಾಡಿ ಲೆನ್ಸ್ ಒಂದೇ ಆಗಿರುವ ಕ್ಯಾಮೆರಾ ಇರುವಾಗ ಈ ತಲೆಬೇನೆ ಯಾಕೆ ಎನ್ನುತ್ತಾನೆ. ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ಕೊಡುತ್ತ ಆಕೆ ಪ್ರಯಾಣಿಕರನ್ನೂ ಕೇಳತೊಡಗಿದಳು. ನಮ್ಮ ಜನ ಕೇಳಿದರೆ ಬಿಡುತ್ತಾರೆಯೇ? ಕ್ಯಾಮೆರಾ ಮುಟ್ಟಿ ನೋಡದವರೂ ಸಲಹೆ ಕೊಟ್ಟರು. ಕಮಲಾಪುರದಿಂದ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ಬರುವ ಹೆಂಗಸೊಬ್ಬಳು ಮಾತ್ರ, ಮೊದಲು ಎತ್ತಿ ನೋಡಬೇಕು, ತೂಕ ತಡೆಯದಿದ್ದರೆ ಎಂಥದ್ದಾದರೇನು ಎಂದಳು. ಪುತಳಾಬಾಯಿ ಅದನ್ನೂ ಬರೆದುಕೊಂಡಳು. ಟಿಕೆಟ್ ರೋಲು ತುಂಬಿತು, ಐದು ದಿನ ಹೋದವು. ಆ ಐದರಲ್ಲಿ ಮೂರನೆಯ ದಿನ ತೋಳ ಬಂದಾಗ ಆಕೆಯ ಕೈಯಲ್ಲಿದ್ದದ್ದು ಟಿಕೆಟ್ ಮೆಷೀನು.

ಕೊನೆಗೆ ಕೊಳ್ಳುವ ಮೊದಲು ಉಜೈರನ ಹತ್ತಿರ ಎರವಲು ತಂದು ನೋಡುವುದೆಂದಾಯಿತು. ಆರನೇ ದಿನ ಹೊಸ ಬಾಡಿ, ಸಣ್ಣ ಲೆನ್ಸ್. ಹಗುರವಾಗಿತ್ತು. ಅಂದು ಪ್ರಾಣಿ ಬಂದಿತ್ತಂತೆ. ಫೋಟೋದಲ್ಲಿ ಗುಡ್ಡ ಇತ್ತು, ಬದು ಇತ್ತು, ಬೇವಿನ ಟೊಂಗೆ ಸ್ಪಷ್ಟವಾಗಿತ್ತು, ತೋಳ ಮಾತ್ರ ಒಂದು ತೊಗರಿ ಕಾಳಿನಷ್ಟು.

"ಇದೇ ನೋಡ್ರಿ" ಎಂದು ಬೆರಳಿಟ್ಟಳು. ಬೆರಳಿನ ಕೆಳಗೆ ತೋಳ ಮುಚ್ಚಿಹೋಯಿತು. ನಾನು ನಕ್ಕೆ.

ಒಂಬತ್ತನೇ ದಿನ ಹಳೇ ಬಾಡಿ, ಉದ್ದ ಲೆನ್ಸ್. ಮೊಳ ಉದ್ದದ್ದು, ಎರಡು ಕಿಲೋ ತೂಕ. ಒಂದು ಹೆಗಲಿಗೆ ಟಿಕೆಟ್ ಮೆಷೀನು, ಇನ್ನೊಂದಕ್ಕೆ ಈ ಕೊಳವೆ ಹೊತ್ತು ಆಕೆ ಅಷ್ಟೂ ಜನರ ನಡುವೆ ನುಗ್ಗಾಡಿದಳು. ಪ್ರಾಣಿ ಬಂತು. ಮುದುಕ ಹತ್ತುವಷ್ಟರಲ್ಲಿ ಕಿಟಕಿಯಿಂದ ಹತ್ತು ಹನ್ನೆರಡು ಫೋಟೋ ತೆಗೆದಳು. ಎಲ್ಲದರಲ್ಲೂ ಪ್ರಾಣಿ ದೊಡ್ಡದಾಗಿ ಬಂದಿತ್ತು, ಎಲ್ಲದರಲ್ಲೂ ಅದಕ್ಕೆ ಎರಡೆರಡು ಬೆನ್ನು, ನಾಲ್ಕು ಕಿವಿ. ಉಜೈರ್ ಮೊದಲು ಬಾಡಿಯ ತಪ್ಪು ಎಂದ, ಆಮೇಲೆ ಲೆನ್ಸಿನ ತಪ್ಪು ಎಂದ, ಕೊನೆಗೆ ಮೆಲ್ಲಗೆ, "ಆಂಟಿ, ಕೈ ನಡುಗ್ಯಾವ ಅನಸ್ತದ" ಎಂದ.

ಹೊರಗೆ ಬಂದ ಮೇಲೆ ಎರಡೂ ಅಂಗೈ ಮುಂದೆ ಚಾಚಿ ನೋಡಿಕೊಂಡಳು. "ಕಾಲು ಹೋದ್ವು. ಈಗ ಕೈ ಭೀ ಹೊಂಟಾವ ಏನ್ರಿ ಅಣ್ಣಾ?"

ಓಡುವ ಬಸ್ಸಿನಲ್ಲಿ ಹಿಡಿಕೆ ಬಿಟ್ಟು ಚಿಲ್ಲರೆ ಎಣಿಸಿಕೊಡುವ ಕೈ ಅವು, ಒಂದು ನಾಣ್ಯ ಬಿದ್ದದ್ದು ನಾನು ಕಂಡಿಲ್ಲ.

ಮರುದಿನ ಕಮಲಾಪುರದಲ್ಲಿ ಚಹಾದ ಗ್ಲಾಸನ್ನು ನನ್ನ ಸೀಟಿನ ಪಕ್ಕದ ಬಾನೆಟ್ಟಿನ ಮೇಲೆ ಇಟ್ಟೆ. ಬಸ್ಸು ನಿಂತಿತ್ತು, ಇಂಜಿನ್ ಓಡುತ್ತಿತ್ತು. ನಮ್ಮದು ಹಳೇ ಗಾಡಿ. ಚಳಿಗಾಲದ ಮುಂಜಾನೆ ಒಮ್ಮೆ ಬಂದ್ ಮಾಡಿದರೆ ಸೆಲ್ಫ್ ತಗೊಳ್ಳುವುದಿಲ್ಲ, ಜನರೇ ಇಳಿದು ನೂಕಬೇಕು. ಹಾಗಾಗಿ ಬಿಸಿಲೇರುವ ತನಕ ನಾನು ಬಂದ್ ಮಾಡಲು ಕೀಲಿ ತಿರುವುವುದೇ ಇಲ್ಲ. ಗ್ಲಾಸಿನಲ್ಲಿ ಚಹಾ ಸಣ್ಣಗೆ ನಡುಗುತ್ತಿತ್ತು. ನೋಡುತ್ತ ಕೂತೆ. ಬಸ್ಸೇ ನಡುಗುತ್ತದೆ, ಕಿಟಕಿ ನಡುಗುತ್ತದೆ, ಕಿಟಕಿಗೆ ಆನಿಸಿದ ಕೊಳವೆ ನಡುಗುತ್ತದೆ. ದೂರದ್ದನ್ನು ಎಳೆದು ತರುವ ಲೆನ್ಸು ಈ ನಡುಕವನ್ನೂ ಎಳೆದು ದೊಡ್ಡದು ಮಾಡುತ್ತದೆ. ಬಾಡಿಯೂ ಅಲ್ಲ, ಲೆನ್ಸೂ ಅಲ್ಲ, ಕೈಯೂ ಅಲ್ಲ.

ಕೂಡಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಬೇವಿನ ಗಿಡದ ಸ್ಟಾಪಿನಲ್ಲಿ ಇಂಜಿನ್ ಬಂದ್ ಮಾಡಬೇಕು, ಟೈಮ್ ತಪ್ಪುತ್ತದೆ, ಜನ ಬೈಯುತ್ತಾರೆ. ಇವೆಲ್ಲ ನಾನು ನನಗೇ ಕೊಟ್ಟುಕೊಂಡ ನೆಪ. ನಿಜ ಏನೆಂದರೆ, ಫೋಟೋ ಸರಿಯಾಗಿ ಬಂದು ಅದು ನಾಯಿ ಆಗಿರದಿದ್ದರೆ ಏನು ಮಾಡುವುದು ಎಂದು ನನಗೆ ಅಳುಕು ಹತ್ತಿತ್ತು. ಹನ್ನೊಂದನೇ ದಿನವೂ ಬಾಯಿ ಬಿಡಲಿಲ್ಲ. ಅಂದು ಪ್ರಾಣಿ ಬರಲಿಲ್ಲ. ಆಕೆ ಇಡೀ ದಾರಿ, "ಹೊಸಾ ಬಾಡಿ ಮ್ಯಾಲ ಉದ್ದ ಲೆನ್ಸ್ ಹಾಕಿದ್ರ?" ಎಂದು ತನ್ನಷ್ಟಕ್ಕೇ ಕೇಳಿಕೊಳ್ಳುತ್ತಿದ್ದಳು. ಒಮ್ಮೆ ಯಾರದೋ ಚಿಲ್ಲರೆ ಕೊಡುವಾಗ ಕೈ ಹಿಂದೆ ತೆಗೆದು ಬೆರಳು ನೋಡಿಕೊಂಡಳು. ಕನ್ನಡಿಯಲ್ಲಿ ಅದು ನನಗೆ ಕಂಡಿತು.

ಹನ್ನೆರಡನೇ ದಿನ, ಜನವರಿ ಮೂವತ್ತೊಂದು. ಅದೇ ಹಳೇ ಬಾಡಿ, ಅದೇ ಉದ್ದ ಲೆನ್ಸ್. ಬೇವಿನ ಗಿಡದ ಹತ್ತಿರ ಬಸ್ಸು ನಿಂತಿತು, ಮುದುಕ ಹತ್ತತೊಡಗಿದ. ಹಿಂದಿನಿಂದ ಪುತಳಾಬಾಯಿಯ ದನಿ ಬಂತು, ಯಾವತ್ತೂ ಕೇಳದಷ್ಟು ಸಣ್ಣದಾಗಿ: "ಅಣ್ಣಾ, ಬಂದದ. ಒಂದು ನಿಮಿಷ ನಿಂದರಸ್ರಿ."

ನಾನು ಕೀಲಿ ತಿರುವಿದೆ.

ಇಂಜಿನ್ ನಿಂತೊಡನೆ ಬಸ್ಸಿನ ನಡುಕವೂ ನಿಂತಿತು. ಹಿಂದೆ ಯಾರೋ "ಯಾಕ್ರೀ?" ಎಂದರು. ಇಂಜಿನ್ ನಿಂತಾಗಲೇ ಡ್ರೈವರ್ ಸೀಟು ಬಿಟ್ಟೇಳುವುದು. ನಾಲ್ಕು ವರ್ಷದಲ್ಲಿ ಆ ಜಾಗದಲ್ಲಿ ನಾನು ಎದ್ದು ಆಕೆಯ ಕಿಟಕಿಯ ಹತ್ತಿರ ಹೋದದ್ದು ಅದೇ ಮೊದಲು. ಆಕೆ ಕಿಟಕಿಯ ಸರಳಿಗೆ ಕೊಳವೆ ಆನಿಸಿ, ಉಸಿರು ಹಿಡಿದು, ಮೂರು ಸಲ ಒತ್ತಿದಳು. ಹಿಂದಿನ ಪರದೆ ನೋಡಿದಳು. ತುಟಿ ಬಿಗಿಹಿಡಿದಿದ್ದಳು, ಕಣ್ಣು ತುಂಬಿದ್ದವು. "ನಡುಗಿಲ್ಲ" ಅಂದಳು. ಆಮೇಲೆ ಕ್ಯಾಮೆರಾ ನನ್ನ ಕೈಗಿಟ್ಟು, "ಇನ್ನಾ ಅಲ್ಲೇ ಅದ. ನೀವ್ ನೋಡ್ರಿ" ಎಂದಳು.

ಒಂದು ಕಣ್ಣು ಮುಚ್ಚಿ ನೋಡಿದೆ. ಮೊದಲು ಬರೀ ಕಲ್ಲು, ಆಮೇಲೆ ಬದು. ಆಮೇಲೆ ಉದ್ದ ಕಾಲು, ಕೆಳಗೆ ಇಳಿಬಿದ್ದ ಬಾಲ. ನಿಂತ ಬಸ್ಸಿನ ಕಡೆಗೇ ಮುಖ ಮಾಡಿತ್ತು. ಹಳದಿ ಕಣ್ಣು. ನಾಯಿ ನೋಡಿದರೆ ನಮ್ಮಿಂದ ಏನೋ ಕೇಳುವ ಹಾಗೆ ನೋಡುತ್ತದೆ. ಇದಕ್ಕೆ ನಮ್ಮಿಂದ ಏನೂ ಬೇಕಿರಲಿಲ್ಲ. ಅದು ತಿರುಗಿ, ಅವಸರವಿಲ್ಲದೆ, ಕಲ್ಲುಗಳ ನಡುವೆ ಹೋಯಿತು.

ಸೆಲ್ಫ್ ತಗೊಳ್ಳಲಿಲ್ಲ. ಜನ ಇಳಿದರು, ಹೆಂಗಸರೂ ಸೆರಗು ಸಿಕ್ಕಿಸಿ ಕೈಹಚ್ಚಿದರು, ಮೂರನೇ ನೂಕಿಗೆ ಗಾಡಿ ಚಾಲೂ ಆಯಿತು. ಎಲ್ಲರೂ ಹತ್ತಿದ ಮೇಲೆ ಬ್ಯಾಂಕಿನ ಚೀಲ ಹಿಡಿದ ಒಬ್ಬ ಗೃಹಸ್ಥರು ಬೆವರು ಒರೆಸಿಕೊಳ್ಳುತ್ತ ನನ್ನ ಬೆನ್ನ ಹಿಂದೆ ಬಂದು ನಿಂತರು.

"ಏನ್ ಡ್ರೈವರ್ ಸಾಹೇಬ್ರ, ನಾಯಿ ಸಲುವಾಗಿ ಬಸ್ ಬಂದ್ ಮಾಡ್ತೀರೇನು?"

"ನಾಯಿ ಅಲ್ರಿ" ಎಂದೆ. ದನಿ ನನಗೇ ಜೋರೆನಿಸಿತು. "ತ್ವಾಳ ಅದು. ನಾ ಕಣ್ಣಾರೆ ನೋಡೀನಿ. ನೀವ್ ನೋಡೀರೇನು?"

"ನೋಡೂದೇನದ್ರಿ" ಎಂದು ಅವರು ಸೀಟಿನ ಕಡೆ ಹೋದರು. "ಹೊಲದಾಗ ನಾಯಿ ಇರ್ಲಾರ್ದ ಮತ್ತೇನ್ ಇರ್ತದ?"

ಸಿಟ್ಟು ನೆತ್ತಿಗೇರಿತು. ಆದರೆ ಅದೇ ಮಾತನ್ನು ನಾಲ್ಕು ವರ್ಷ ಆಡಿದವನು ನಾನು. ಕನ್ನಡಿಯಲ್ಲಿ ಪುತಳಾಬಾಯಿ ಕಾಣುತ್ತಿದ್ದಳು, ನನ್ನ ಕಡೆಗೇ ನೋಡುತ್ತಿದ್ದಳು. ನನಗೆ ಮತ್ತೆ ಕನ್ನಡಿಯತ್ತ ಕಣ್ಣೆತ್ತಲು ಆಗಲಿಲ್ಲ. ಬಸ್ಸು ಬಿಡಲು ಆಕೆ ರೈಟ್ ಅನ್ನುವುದನ್ನೇ ಕಾಯುತ್ತ ಕೂತೆ.