ಒಂದು ತಟ್ಟಿದರೆ ನಿಲ್ಲು

ನಮ್ಮ ಚಿಕ್ಕಮ್ಮನಿಗೆ ಪ್ರವಾಸಿಗಳು ಇಟ್ಟ ಹೆಸರು ‘ಟ್ರಾಫಿಕ್ ಪೊಲೀಸ್’. ಕಾಡುಕಣಿವೆಯಲ್ಲಿ, ಹೊಳೆಯ ದಂಡೆಯ ಮೇಲೆ, ಕ್ಯಾರವಾನ್‌ಗಳು ತಂಗುವ ಜಾಗವನ್ನು ಅವಳು ನೋಡಿಕೊಳ್ಳುತ್ತಿದ್ದಳು. ಮನೆಯನ್ನೇ ಗಾಡಿಯೊಳಗಿಟ್ಟುಕೊಂಡು ಬರುವ ಜನಕ್ಕೆ ನೀರಿನ ಪೈಪು, ಕರೆಂಟು ಕೊಡಬೇಕು. ಕಕ್ಕಸಿನ ಟ್ಯಾಂಕು ಎಲ್ಲಿ ಖಾಲಿ ಮಾಡಬೇಕೆಂದು ತೋರಿಸಬೇಕು. ಯಾರಾದರೂ ಗಾಡಿ ಹಿಂದಕ್ಕೆ ತೆಗೆದರೆ ಪಕ್ಕದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುವಳು. ಗಾಡಿಯ ಹಿಂದೆ ಮಾತ್ರ ಯಾರನ್ನೂ ನಿಲ್ಲಗೊಡುತ್ತಿರಲಿಲ್ಲ, ಅವಳ ಕೈಕೆಳಗೆ ದುಡಿಯುತ್ತಿದ್ದ ಅಕ್ಕನ ಮಗಳಾದ ನನ್ನನ್ನೂ ಸಹ.

ಮೊದಲು ಹಾಗೆ ಗಾಡಿಯ ಹಿಂದೆ ನಿಲ್ಲುತ್ತಿದ್ದವನು ಚಿಕ್ಕಪ್ಪ. ಗಾಡಿಯ ಬೆನ್ನಿಗೆ ಎರಡು ಸಲ ತಟ್ಟಿದರೆ ಬಾ, ಒಂದು ಸಲ ತಟ್ಟಿದರೆ ನಿಲ್ಲು. ಹೊಳೆಯ ಸದ್ದಿಗೆ ಮಾತು ಕೇಳಿಸದೆಂದು ಗಂಡ ಹೆಂಡತಿ ಮಾಡಿಕೊಂಡಿದ್ದ ಏರ್ಪಾಡು. ಒಂದು ಮಳೆಗಾಲ ಅವಳು ತಮ್ಮದೇ ಗಾಡಿಯನ್ನು ದಂಡೆಯತ್ತ ಹಿಂದಕ್ಕೆ ತೆಗೆಯುತ್ತಿದ್ದಳು, ರೇಡಿಯೋ ಹಾಡುತ್ತಿತ್ತು. ಎರಡು ಏಟು ಕೇಳಿಸಿತು. ಆಮೇಲೆ ಏನೂ ಇಲ್ಲ. ಹಿಂಚಕ್ರ ಜಾರಿದಂತಾಗಿ ಬ್ರೇಕ್ ಒತ್ತಿ ಇಳಿದು ನೋಡಿದರೆ ದಂಡೆಯ ಅಂಚು ಕುಸಿದಿತ್ತು, ಚಿಕ್ಕಪ್ಪ ಇರಲಿಲ್ಲ. ಹಾಳು ಹೊಳೆ ಅವನ ಹೆಣವನ್ನೂ ಕೊಡಲಿಲ್ಲ.

ಮಣ್ಣು ಕುಸಿದು ಹೋದನೋ, ಅಥವಾ ಅವನು ‘ನಿಲ್ಲು’ ಎಂದು ತಟ್ಟಿದ್ದು ಹಾಡಿನಲ್ಲಿ ಮುಳುಗಿಹೋಗಿ ತಾನೇ ಅವನನ್ನು ನೂಕಿದಳೋ? ಈ ಪ್ರಶ್ನೆ ಅವಳನ್ನು ಜೀವಂತ ತಿನ್ನುತ್ತಿತ್ತು. ಆ ಗಾಡಿಯನ್ನು ಮತ್ತೆ ಮುಟ್ಟಲಿಲ್ಲ. ಬ್ಯಾಟರಿ ಸಾಯದಿರಲೆಂದು ಆಗಾಗ ನಾನೇ ಸ್ಟಾರ್ಟ್ ಮಾಡುತ್ತಿದ್ದೆ. ಹೊಳೆ ತುಂಬಿದಾಗಲೆಲ್ಲ “ಯಾರೋ ನಮ್ಮ ಗಾಡಿ ತಟ್ಟಿದ್ರು” ಎಂದು ಪ್ರವಾಸಿಗಳು ದೂರು ತರುತ್ತಿದ್ದರು. ಕೊಂಬೆ ಬಿದ್ದಿರಬೇಕು ಎನ್ನುತ್ತಿದ್ದೆ ನಾನು. ಚಿಕ್ಕಮ್ಮ ಮಾತ್ರ ಮುಖ ಬಿಳಿಚಿಕೊಂಡು, “ಎಷ್ಟು ಸಲ?” ಎಂದು ಕೇಳುತ್ತಿದ್ದಳು.

ನನಗೆ ಮೊದಲೇ ತಾಳ್ಮೆ ಕಡಿಮೆ. ಒಂದು ಮಧ್ಯಾಹ್ನ ಹೇಳಿಯೇಬಿಟ್ಟೆ: “ಈ ಗೋಳು ಇವತ್ತಿಗೆ ಮುಗೀಲಿ ಚಿಕ್ಕಮ್ಮ. ನೀನು ಗಾಡಿ ಹತ್ತಿ ಅವತ್ತಿನಷ್ಟೇ ಜೋರಾಗಿ ರೇಡಿಯೋ ಹಾಕು. ನಾನು ಹಿಂದಿನಿಂದ ಒಂದು ಸಲ ತಟ್ತೀನಿ. ಕೇಳಿಸಿದ್ರೆ ಹಾರ್ನ್ ಹೊಡಿ.”

“ಕೇಳಿಸದೇ ಇದ್ರೆ?”

“ಹತ್ತು ಸುಮ್ನೆ” ಎಂದೆ.

ಗಾಡಿ ಉರುಳದಂತೆ ಚಕ್ರಗಳಿಗೆ ಕಲ್ಲು ಕೊಟ್ಟೆ. ಅವಳು ಎಂಜಿನ್ ಸ್ಟಾರ್ಟ್ ಮಾಡಿದಳು, ರೇಡಿಯೋ ಕಿವಿ ಕಿತ್ತುಹೋಗುವಂತೆ ಕಿರುಚಿತು. ಹಿಂದೆ ಹೋಗಿ ನಿಂತೆ. ಕೈ ಎತ್ತಿದೆ.

ತಟ್!

ತಗಡು ಅದುರಿದ್ದು ನನ್ನ ಕಣ್ಣಿಗೇ ಕಂಡಿತು. ನನ್ನ ಕೈ ಇನ್ನೂ ಮೇಲೆಯೇ ಇತ್ತು, ತಗಡಿಗೆ ತಾಗಿರಲಿಲ್ಲ.

ಹಾರ್ನ್ ನಿಲ್ಲದೆ ಬಡಿದುಕೊಂಡಿತು. ಚಿಕ್ಕಮ್ಮ ಬಿದ್ದೆನೋ ಎದ್ದೆನೋ ಎಂದು ಓಡಿಬಂದು ನನ್ನನ್ನು ತಬ್ಬಿಕೊಂಡಳು. “ಕೇಳಿಸ್ತು ಕಣೇ! ಅಷ್ಟು ಗಲಾಟೇಲೂ ಕೇಳಿಸ್ತು! ಅಂದ್ರೆ ಅವತ್ತು ಅವರು ‘ನಿಲ್ಲು’ ಅಂತ ತಟ್ಟೇ ಇಲ್ಲ. ಅಷ್ಟರಲ್ಲೇ ಮಣ್ಣು ಕುಸಿದಿತ್ತು. ನಾನಲ್ಲ ಕಣೇ, ನಾನಲ್ಲ...” ಎಂದು ಮಗುವಿನ ಹಾಗೆ ಅತ್ತಳು.

ಸಮಾಧಾನವಾದ ಮೇಲೆ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. “ಎಂಥ ಏಟು ಹೊಡೆದ್ಯೇ! ಉರೀತಿದ್ಯಾ?”

“ಸ್ವಲ್ಪ” ಎಂದೆ.

ಮಂಜುಗಡ್ಡೆಯಾಗಿದ್ದ ನನ್ನ ಅಂಗೈಗೆ ಅವಳು ಉಫ್ ಉಫ್ ಎಂದು ಊದತೊಡಗಿದಳು.